ಪರದೆಯ ಮೇಲೊಂದು ತಿರುವು

ತೊಣ್ಣೂರು ಕೆರೆಯ ಬಯಲಿನಿಂದ ಪಾಂಡವಪುರದ ಸಕ್ಕರೆ ಕಾರ್ಖಾನೆಯತ್ತ ಕಬ್ಬು ಹೇರಿಕೊಂಡು ಹೊರಟ ಗಾಡಿಯವನು ತಿರುವು ಬಂದಾಗ ಏನು ಮಾಡುತ್ತಾನೆ? ತಿರುವಿನ ನಡುವೆಯಲ್ಲ, ಅದಕ್ಕೆ ಮೊದಲೇ ಹಗ್ಗ ಬಿಗಿಹಿಡಿಯುತ್ತಾನೆ. ಒಳಮಗ್ಗುಲಿನ ಎತ್ತು ತಡೆತಡೆದು ಹೆಜ್ಜೆಯಿಡುತ್ತದೆ. ಹೊರಮಗ್ಗುಲಿನದು ಬಳಸಿ ನಡೆಯುತ್ತದೆ. ಮೂಕಿ ನೇರವಾದ ಮೇಲೆಯೇ ಬಾರುಗೋಲು ಮೇಲೇಳುವುದು. ಇದನ್ನು ಕಲಿಸಲು ಶಾಲೆ ಬೇಕಿಲ್ಲ. ಒಮ್ಮೆ ಗಾಡಿ ಮಗುಚಿದರೆ ಸಾಕು!

ಈ ಪಾಠವನ್ನೇ ಇಂದು ಅಲುಗಾಡದ ಕುರ್ಚಿಯಲ್ಲಿ ಕುಳಿತು, ಕಂಪ್ಯೂಟರಿನ ಪರದೆಯನ್ನು ದಿಟ್ಟಿಸುತ್ತ, ಮೇಜಿಗೆ ಬಿಗಿದ ಚುಕ್ಕಾಣಿಯನ್ನು ತಿರುಗಿಸುತ್ತ ಕಲಿಯುವವರಿದ್ದಾರೆ. ಸಿಮ್ ರೇಸಿಂಗ್ ಎಂದು ಈ ವಿದ್ಯೆಯ ಹೆಸರು. ಮಕ್ಕಳಾಟವೆಂದು ಹಿರಿಯರು ಮೂಗು ಮುರಿಯಬಹುದು. ಆದರೆ ಫಾರ್ಮುಲಾ 2 ಪಂದ್ಯಗಳಲ್ಲಿ ಅರ್ಹತಾ ಸುತ್ತಿಗೆ ಮುನ್ನ ನಿಜವಾದ ಹಾದಿಯ ಮೇಲೆ ದೊರೆಯುವ ಅಭ್ಯಾಸ ಕೇವಲ 45 ನಿಮಿಷಗಳದು. ಉಳಿದುದನ್ನು ಪರದೆಯ ಮುಂದೆಯೇ ಕಲಿತು ಬರಬೇಕು.

ಮೊನಾಕೊ ಎಂಬ ಪುಟ್ಟ ರಾಜ್ಯದ ಬೀದಿಗಳಲ್ಲಿ ಸುತ್ತುವ ಪಂದ್ಯದ ಹಾದಿಯ ಉದ್ದ 3.337 ಕಿ.ಮೀ. ಅದರ ಇಳಿಜಾರಿನಲ್ಲಿ ಎಡಕ್ಕೆ, ಹೆಂಗಸರ ಹೇರ್‌ಪಿನ್ನಿನಂತೆ ಮಡಿಸಿಕೊಂಡ ತಿರುವೊಂದಿದೆ. ಫಾರ್ಮುಲಾ 1ರ ಕಾರುಗಳೂ ಅಲ್ಲಿ ಗಂಟೆಗೆ ಸುಮಾರು 50 ಕಿ.ಮೀ. ವೇಗಕ್ಕೆ ಇಳಿಯಲೇಬೇಕು. ಹೊಸಬನು ಇಲ್ಲಿ ಕೆಡುವುದು ಧೈರ್ಯ ಸಾಲದೆ ಅಲ್ಲ, ಹೆಚ್ಚಾಗಿ. ನೆಲವನ್ನು ಕಚ್ಚಿ ಹಿಡಿಯುವ ಟೈರಿನ ಶಕ್ತಿಗೆ ಒಂದು ಮಿತಿಯುಂಟು; ಅದನ್ನೆಲ್ಲ ಬ್ರೇಕಿಗೇ ವ್ಯಯಿಸಿದರೆ ತಿರುಗುವುದಕ್ಕೆ ಉಳಿಯುವುದೇನು? ಚುಕ್ಕಾಣಿ ತಿರುಗುತ್ತದೆ, ಕಾರು ನೇರವಾಗಿ ಗೋಡೆಗೆ ಹೋಗುತ್ತದೆ. ಆದುದರಿಂದ ನೇರ ಹಾದಿಯಲ್ಲಿಯೇ ಬಲವಾಗಿ ಬ್ರೇಕ್ ಒತ್ತಿ, ಚುಕ್ಕಾಣಿ ತಿರುಗಿದಷ್ಟೂ ಪಾದವನ್ನು ಸಡಿಲಿಸುತ್ತ, ಒಳಅಂಚನ್ನು ಸವರಿ, ಕಾರಿನ ಮೂತಿ ಹೊರದಾರಿಯತ್ತ ಹೊರಳಿದ ಮೇಲೆಯೇ ವೇಗ ಹೆಚ್ಚಿಸಬೇಕು. ನಿಜವಾದ ಕಾರಿನಲ್ಲಾದರೆ ವೇಗ ಮೀರಿದುದನ್ನು ಬೆನ್ನೂ ಸೊಂಟವೂ ತಿಳಿಸುತ್ತವೆ. ಮನೆಯ ಕುರ್ಚಿ ಏನನ್ನೂ ಹೇಳದು. ಟೈರಿನ ಚೀರುದನಿಯನ್ನು ಕಿವಿಯಿಂದ, ಚುಕ್ಕಾಣಿಯ ಬಿಗಿ ಕಳೆಯುವುದನ್ನು ಅಂಗೈಯಿಂದ ಅರಿಯಬೇಕು. ಬ್ರೇಕ್ ಒತ್ತುವ ಗುರುತನ್ನು ಗಜಗಜವಾಗಿ ಮುಂದಕ್ಕೆ ಸರಿಸುತ್ತ ಅದೇ ತಿರುವಿಗೆ ಮತ್ತೆ ಮತ್ತೆ ಬರಬೇಕು. ನೋಡುವವರಿಗೆ ಇದಕ್ಕಿಂತ ಬೇಸರದ ದೃಶ್ಯ ಬೇರೊಂದಿರಲಾರದು.

ಪರದೆಯ ಮೇಲೆ ನುಚ್ಚುನೂರಾದ ಕಾರು ಗುಂಡಿಯೊತ್ತಿದೊಡನೆ ಮತ್ತೆ ಹೊಸದಾಗುತ್ತದೆ. ‘ಗ್ರಾನ್ ಟುರಿಸ್ಮೊ’ ಎಂಬ ಪರದೆಯಾಟದ ಸ್ಪರ್ಧೆಯನ್ನು 2011ರಲ್ಲಿ ಗೆದ್ದು ನಿಜವಾದ ಪಂದ್ಯಗಳಿಗೆ ಬಂದವರು ಬ್ರಿಟನ್ನಿನ ತರುಣ ಯಾನ್ ಮಾರ್ಡನ್‌ಬರೋ. 2015ರ ಮಾರ್ಚ್ ತಿಂಗಳಲ್ಲಿ ಜರ್ಮನಿಯ ನೂರ್ಬರ್ಗ್‌ರಿಂಗ್ ಹಾದಿಯ ಫ್ಲೂಗ್‌ಪ್ಲಾಟ್ಸ್ ದಿಬ್ಬವನ್ನೇರುತ್ತಿದ್ದಂತೆ ಅವರ ಕಾರಿನ ಮೂತಿ ಗಾಳಿಗೆದ್ದಿತು. ಕಾರು ಬೇಲಿಯಾಚೆಗೆ ಹಾರಿಬಿತ್ತು. ಪ್ರೇಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. ಅಲ್ಲಿ ಒತ್ತಲು ಗುಂಡಿಯಿರಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಅವರು ಫ್ರಾನ್ಸಿನ ಲೆ ಮಾನ್ ಪಂದ್ಯದಲ್ಲಿ ಮತ್ತೆ ಚುಕ್ಕಾಣಿ ಹಿಡಿದರು. ಪರದೆ ಕಲಿಸಲಾರದ ಯಾವುದೋ ಒಂದು ಅವರೊಡನೆ ಆ ಕಾರಿನಲ್ಲಿ ಕುಳಿತಿದ್ದಿರಬೇಕು.

ಇನ್ನು ಮೊನಾಕೊದಲ್ಲಿ ಹಾದಿಯ ಎರಡೂ ಬದಿಗೆ ಕೈಚಾಚುವಷ್ಟು ಹತ್ತಿರದಲ್ಲಿ ಉಕ್ಕಿನ ತಡೆಗೋಡೆಗಳು. ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಅಲ್ಲಿ ಫಾರ್ಮುಲಾ 2ರ ಸ್ಪ್ರಿಂಟ್ ಪಂದ್ಯವನ್ನು ಗೆದ್ದರು. ಆ ವರ್ಗದಲ್ಲಿ ಅಲ್ಲಿ ಗೆದ್ದ ಮೊದಲ ಭಾರತೀಯರು ಅವರೇ. ಪಂದ್ಯ 30 ಸುತ್ತುಗಳದು. ಆ ಇಳಿಜಾರಿನ ತಿರುವನ್ನು ಅವರು 30 ಬಾರಿಯೂ ಗೋಡೆಗೆ ತಗಲದೆ ದಾಟಿ ಬಂದರು.