ಹಳೆಯ ಕ್ಯಾಮೆರಾಕ್ಕೆ ಹೊಸ ವಿದ್ಯೆ

ಸಂಕ್ರಾಂತಿ ಬಂತೆಂದರೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ. ಏಳು ನಂದೀಧ್ವಜಗಳು, ಅವುಗಳ ಸುತ್ತ ಬಿಳಿ ಬಾರಾಬಂದಿ ಅಂಗಿ ತೊಟ್ಟ ಭಕ್ತರು. ಹಗಲಲ್ಲಿ ಆ ಬಿಳುಪು ಕಣ್ಣು ಕುಕ್ಕುತ್ತದೆ. ಕತ್ತಲಾದರೆ ಬಗೆಬಗೆಯ ದೀಪಗಳ ಕಾಟ. ವಿಡಿಯೊ ಮಾಡುವವರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇರೆ ಬೇಕಿಲ್ಲ.

2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದಾಗ ಮದುವೆ ಫೋಟೊಗ್ರಾಫರುಗಳು ಹಿಗ್ಗಿದ್ದು ಸಹಜ. ಫೋಟೊ ತೆಗೆಯುವ ಕ್ಯಾಮೆರಾದಲ್ಲೇ ಫುಲ್ ಎಚ್‌ಡಿ ವಿಡಿಯೊ! ಆದರೆ ಸೆಕೆಂಡಿಗೆ 30 ಫ್ರೇಮ್ ಮಾತ್ರ, ಶಟರ್ ವೇಗವೂ ಕ್ಯಾಮೆರಾದ ಮರ್ಜಿ. ನಮ್ಮ ಕರೆಂಟು 50 ಹರ್ಟ್ಸ್. ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ ಅದಕ್ಕೆ ಹೊಂದದಿದ್ದರೆ ಚಿತ್ರದ ಮೇಲೆ ಮಬ್ಬು ಪಟ್ಟೆಗಳು ಹರಿದಾಡುತ್ತವೆ. ಅಕ್ಕಲಕೋಟೆಯ ಮಂಗಲ ಕಾರ್ಯಾಲಯದಲ್ಲಿ ಅಕ್ಷತೆ ಬೀಳುವ ಗಳಿಗೆ ಇನ್ನೊಮ್ಮೆ ಬರುವುದಿಲ್ಲವಲ್ಲ.

2009ರ ಜೂನ್‌ನಲ್ಲಿ ಕಂಪನಿ ಫರ್ಮ್‌ವೇರ್, ಅಂದರೆ ಕ್ಯಾಮೆರಾದೊಳಗಿನ ತಂತ್ರಾಂಶದ, ಅಪ್‌ಡೇಟ್ ಕೊಟ್ಟಿತು. ಅಲ್ಲಿಂದ ಶಟರನ್ನು 1/50ಕ್ಕೆ ನಿಲ್ಲಿಸಬಹುದಾಯಿತು. 2010ರ ಮಾರ್ಚ್‌ನಲ್ಲಿ 25 ಫ್ರೇಮ್ ಬಂತು, ನಮ್ಮ ಟಿವಿಯ ಪಾಲ್ (PAL) ಪದ್ಧತಿಯ ಲೆಕ್ಕಕ್ಕೆ ಸರಿಹೋಯಿತು. ಆ ಅಪ್‌ಡೇಟಿನಲ್ಲಿ ಧ್ವನಿಯ ದೋಷ ಕಂಡು, ವಾಪಸ್ ಪಡೆದು, ತಿದ್ದಿ ಮತ್ತೆ ಬಿಟ್ಟರು. ಮಾಡಬೇಕಾದ್ದು ಇಷ್ಟೇ: ಫೈಲನ್ನು ಕಾರ್ಡಿಗೆ ಹಾಕಿ, ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಮೆನುವಿನಲ್ಲಿ ಒತ್ತಿ, ಪಟ್ಟಿ ತುಂಬುವವರೆಗೆ ಕ್ಯಾಮೆರಾ ಮುಟ್ಟದೆ ಕೂರುವುದು. ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ.

ಕಂಪನಿಗಿಂತ ಮುಂದೆ ನಡೆದವರೂ ಇದ್ದರು. 2009ರಲ್ಲೇ ಟ್ರಾಮೆಲ್ ಹಡ್ಸನ್ ಎಂಬುವರು ಇದೇ ಕ್ಯಾಮೆರಾಕ್ಕೆ ‘ಮ್ಯಾಜಿಕ್ ಲ್ಯಾಂಟರ್ನ್’ ಎಂಬ ತಂತ್ರಾಂಶ ಬರೆದು, ಪರದೆಯ ಮೇಲೆ ಧ್ವನಿಮಾಪಕ ಮೂಡಿಸಿದರು. ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚಿನ ಕಸುವು ಯಂತ್ರದೊಳಗಿದೆ ಎಂಬುದು ಆಗ ಜನಕ್ಕೆ ತಿಳಿಯಿತು.

ಸೊಲ್ಲಾಪುರದವರಿಗೆ ಇದು ಹೊಸ ಸಂಗತಿಯಲ್ಲ. ಚಾದರ ನೇಯುವ ಜಕಾರ್ಡ್ ಮಗ್ಗದಲ್ಲಿ ತೂತು ಹೊಡೆದ ರಟ್ಟಿನ ಕಾರ್ಡುಗಳ ಸಾಲು ಬದಲಿಸಿದರೆ ಅದೇ ಮಗ್ಗ ಬೇರೆ ಹೂವು ನೇಯುತ್ತದೆ. ಆದರೆ ಮಗ್ಗದ ಅಗಲ ಹೆಚ್ಚುವುದಿಲ್ಲ. ಹಾಗೆಯೇ ಫರ್ಮ್‌ವೇರಿನಿಂದ ಸೆನ್ಸರ್ ಬದಲಾಗುವುದಿಲ್ಲ.

ಫ್ಯೂಜಿಫಿಲ್ಮ್ ನಡೆ ನನಗೆ ಎಲ್ಲಕ್ಕಿಂತ ಮೆಚ್ಚು. 2011ರ ಎಕ್ಸ್100 ಕ್ಯಾಮೆರಾದ ಜಾಗಕ್ಕೆ 2013ರ ಆರಂಭದಲ್ಲೇ ಎಕ್ಸ್100ಎಸ್ ಬಂದಿತ್ತು. ಆದರೂ ಅದೇ ವರ್ಷದ ಅಕ್ಟೋಬರಿನಲ್ಲಿ ಹಳೆಯದಕ್ಕೆ, ಫೋಕಸ್ ಆದ ಅಂಚುಗಳನ್ನು ಎತ್ತಿ ತೋರಿಸುವ ಫೋಕಸ್ ಪೀಕಿಂಗ್ ಸೌಲಭ್ಯವನ್ನು ಫರ್ಮ್‌ವೇರ್ ಮೂಲಕ ಕೊಟ್ಟರು. ಇದರ ಬೆಲೆ ಸಣ್ಣ ಊರಿನವರಿಗೆ ಚೆನ್ನಾಗಿ ಗೊತ್ತು. ದೊಡ್ಡ ನಗರದ ಸ್ಟುಡಿಯೊ ಮಾರಿದ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾದ ಮೇಲೆ ತಾಲ್ಲೂಕಿನಲ್ಲಿ ಒಂದು ಸಂಸಾರ ನಡೆಯುತ್ತದೆ. ಪುಕ್ಕಟೆ ಬಂದ ಸೌಲಭ್ಯ ಕೈಯಿಂದ ಕೈಗೆ ಕ್ಯಾಮೆರಾದ ಜೊತೆಗೇ ಹೋಗುತ್ತದೆ.

ಮುಂದೆ ಅಪ್‌ಡೇಟ್ ಕೊಟ್ಟರಾಯಿತು ಎಂಬ ನೆಪದಲ್ಲಿ ಕಂಪನಿಗಳು ಅರೆಬೆಂದ ಕ್ಯಾಮೆರಾ ಮಾರುತ್ತವೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ದೋಷ ತಿದ್ದುವುದು ಕರ್ತವ್ಯ. ಅದನ್ನು ಕೊಡುಗೆಯೆಂದು ಡಂಗುರ ಹೊಡೆಯಬಾರದು. ನಾಳೆ ಕೊಡುತ್ತೇವೆಂದ ಸೌಲಭ್ಯಕ್ಕೆ ಇವತ್ತೇ ದುಡ್ಡು ಎಣಿಸಲೂಬಾರದು.

ನನ್ನನ್ನು ಹೆಚ್ಚು ಕಾಡುವುದು ಬೇರೆ. 2024ರಲ್ಲಿ ಸೋನಿ ತನ್ನ ಎ7-4 ಕ್ಯಾಮೆರಾದ ಪರದೆಯಲ್ಲಿ ಬೇಕಾದಂತೆ ಚೌಕಟ್ಟಿನ ಗೆರೆಗಳನ್ನು ಹಾಕಿಕೊಳ್ಳಲು 149 ಡಾಲರ್ ಲೈಸೆನ್ಸ್ ಇಟ್ಟಿತು. ಆಗಿನ ಲೆಕ್ಕಕ್ಕೆ 12 ಸಾವಿರ ರೂಪಾಯಿಗೂ ಮೇಲೆ. ಸಾಲುಸಾಲು ಮಕ್ಕಳ ಶಾಲಾ ಫೋಟೊ ತೆಗೆಯುವವರಿಗೆ ತಲೆಗಳು ಒಂದೇ ಅಳತೆಯಲ್ಲಿ ಬರಲು ಆ ಗೆರೆ ಬೇಕು. ಅದನ್ನು ತೋರಿಸಲು ಕ್ಯಾಮೆರಾಕ್ಕೆ ಹೊಸ ಭಾಗವೇನೂ ಬೇಕಿಲ್ಲ. ಕ್ಯಾಮೆರಾಕ್ಕೆ ಪೂರ್ತಿ ಬೆಲೆ ಕೊಟ್ಟವರು ಅದಕ್ಕೆ ಮತ್ತೆ ಯಾಕೆ ಕೊಡಬೇಕು?