ಸೋಡಿಯಂ ಹೈಡ್ರಾಕ್ಸೈಡ್ ಯಾಕೆ ಪ್ರೈಮರಿ ಸ್ಟ್ಯಾಂಡರ್ಡ್ ಅಲ್ಲ?

ಸೋಡಿಯಂ ಹೈಡ್ರಾಕ್ಸೈಡ್‌ನ ಬಿಳಿ ಪೆಲೆಟ್‌ಗಳನ್ನು ವಾಚ್ ಗ್ಲಾಸ್ ಮೇಲಿಟ್ಟು ನೋಡಿ. ಸ್ವಲ್ಪ ಹೊತ್ತಲ್ಲೇ ಗಾಳಿಯ ತೇವ ಹೀರಿ ಜಿನುಗತೊಡಗುತ್ತವೆ. ಕಾರ್ಬನ್ ಡೈಆಕ್ಸೈಡನ್ನೂ ಹೀರಿಕೊಳ್ಳುತ್ತವೆ. ಹಾಗಾದರೆ ನೀವು ತೂಗಿದ 4 ಗ್ರಾಂನಲ್ಲಿ ನಿಜವಾದ ಸೋಡಿಯಂ ಹೈಡ್ರಾಕ್ಸೈಡ್ ಎಷ್ಟು? ಹೇಳೋಕಾಗಲ್ಲ!

ಪ್ರೈಮರಿ ಸ್ಟ್ಯಾಂಡರ್ಡ್ ಅಂದರೆ ತೂಕವನ್ನೇ ನಂಬಬಹುದಾದ ವಸ್ತು. ಉದಾಹರಣೆಗೆ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್, ಅಂದರೆ ಕೆಎಚ್‌ಪಿ.

ಇದು ತುಂಬಾ ಶುದ್ಧವಾಗಿ ಸಿಗುತ್ತದೆ. ಗಾಳಿಯಲ್ಲಿ ಕೆಡುವುದಿಲ್ಲ. 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಬಹುದು. ನೀರಲ್ಲಿ ಕರಗುತ್ತದೆ. ಪ್ರತ್ಯಾಮ್ಲದ ಜೊತೆ ಒಂದಕ್ಕೊಂದರ ಲೆಕ್ಕದಲ್ಲಿ ಪೂರ್ತಿ ವರ್ತಿಸುತ್ತದೆ. ಒಂದು ಮೋಲ್‌ಗೆ 204.22 ಗ್ರಾಂ, ಹೆಚ್ಚು ತೂಗಬೇಕಾಗುವುದರಿಂದ ತಕ್ಕಡಿಯ ಸಣ್ಣ ತಪ್ಪು ಲೆಕ್ಕ ಕೆಡಿಸುವುದಿಲ್ಲ.

ತೂಗಿದ ಕೆಎಚ್‌ಪಿ ಬಳಸಿ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ನಿಜವಾದ ಸಾಂದ್ರತೆ ಕಂಡುಕೊಳ್ಳುವುದೇ ಸ್ಟ್ಯಾಂಡರ್ಡೈಸ್ ಮಾಡುವುದು. ಕೆಎಚ್‌ಪಿ ದ್ರಾವಣಕ್ಕೆ ಎರಡು ಹನಿ ಫಿನಾಲ್ಫ್ತಲೀನ್ ಹಾಕಿ, ಬ್ಯೂರೆಟ್‌ನಿಂದ ಸೋಡಿಯಂ ಹೈಡ್ರಾಕ್ಸೈಡ್ ಬಿಡಿ. ತಿಳಿ ಗುಲಾಬಿ ಬಣ್ಣ ಹಾಗೇ ನಿಂತರೆ ಅದೇ ಎಂಡ್ ಪಾಯಿಂಟ್.

ಲೇಬಲ್ ನಂಬಬೇಡಿ. ಮೊದಲು ಸ್ಟ್ಯಾಂಡರ್ಡೈಸ್ ಮಾಡಿ, ಆಮೇಲೆ ಟೈಟ್ರೇಶನ್ ಶುರು ಮಾಡಿ.