ನೀರು ಕಚ್ಚುತ್ತೆ ಅಂದಿತು ಮಗು

ನಮ್ಮದು ಚಳ್ಳಕೆರೆ ಸೀಮೆ. ಶೇಂಗಾ, ತೊಗರಿ, ಸಜ್ಜೆ ಬಿತ್ತಿ ಮೋಡ ನೋಡಿಕೊಂಡು ಕೂರುವ ಜನ. ನಾನು ಓದಿದ್ದು ಏಳನೇ ಕ್ಲಾಸು. ಕರೆಂಟಿನ ವಿಚಾರ ಬರೆಯೋಕೆ ನನ್ನ ಹತ್ತಿರ ಯಾವ ಸರ್ಟಿಫಿಕೇಟೂ ಇಲ್ಲ. ಆದರೆ ನಮ್ಮ ಬಚ್ಚಲುಮನೆಯಲ್ಲಿ ಇಪ್ಪತ್ತು ದಿನ ನಡೆದ ಪೇಚಾಟದಲ್ಲಿ ಕಲಿತದ್ದು ನಾಲ್ಕು ಜನಕ್ಕೆ ಬೇಕಾದದ್ದು ಅನ್ನಿಸಿ ಬರೀತಾ ಇದ್ದೀನಿ.

2021ರಲ್ಲಿ ಮಗ ಬಚ್ಚಲಿಗೆ ಟೈಲ್ಸ್ ಹಾಕಿಸಿ, ಹಂಡೆ ಒಲೆ ಕಿತ್ತು, ಗೀಸರು ಶವರು ಕೂರಿಸಿದ. ಹದಿನೈದು ಲೀಟರಿನದು, 2000 ವಾಟ್. ಎರಡು ವರ್ಷ ತಕರಾರು ಇರಲಿಲ್ಲ. 2023ರ ಮಳೆ ಕೈಕೊಟ್ಟಿತು. ಮುಂದಿನ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಐದು ವರ್ಷದ ಮೊಮ್ಮಗ ಸೋಪು ಮೈಯಲ್ಲೇ ಓಡಿಬಂದು "ತಾತ, ನೀರು ಕಚ್ಚುತ್ತೆ" ಅಂದ. ಬಿಸಿ ಜಾಸ್ತಿಯಾಗಿರಬೇಕು ಅಂತ ನಾನು ನಕ್ಕೆ. ಮೂರನೇ ದಿನ ಸೊಸೆ ಬಂದು, "ಮಾವ, ಶವರಿನ ನಲ್ಲಿ ಮುಟ್ಟಿದ್ರೆ ಮೊಣಕೈವರೆಗೂ ಜುಮ್ಮನ್ನುತ್ತೆ" ಅಂದಾಗ ನಗು ನಿಂತುಹೋಯ್ತು.

ವೈರಿಂಗ್ ಮಾಡೋ ಹುಡುಗನನ್ನು ಕರೆಸಿದೆವು. ಟೆಸ್ಟರು ಇಟ್ಟ, ಪೈಪಿನ ಮೇಲೆ ಉರಿಯಿತು. ಗೀಸರಿನ ಪ್ಲಗ್ ಕಿತ್ತ, ಆರಿತು. "ಕಾಯಿಲು ಹೋಗಿದೆ" ಅಂದ. ಆ ಮಾತೂ ಸುಳ್ಳಲ್ಲ, ಕಾಯಿಲು ಹೋದರೆ ಹಾಗೇ ಆಗುತ್ತೆ. ಕಾಯಿಲ್ ಅಂದರೆ ಒಂದು ಲೋಹದ ಕೊಳವೆ. ಒಳಗೆ ಕಾಯುವ ತಂತಿ, ಅದು ಕೊಳವೆಗೆ ತಗಲದಂತೆ ಸುತ್ತಲೂ ಬಿಳೀ ಪುಡಿ. ನಮ್ಮ ಬೋರಿನ ನೀರಿನಂಥ ಗಡಸು ನೀರಲ್ಲಿ ಕೊಳವೆ ಮೇಲೆ ಸುಣ್ಣದ ಹಕ್ಕಳೆ ಕಟ್ಟುತ್ತೆ. ಶಾಖ ನೀರಿಗೆ ಹೋಗದೆ ಕೊಳವೆ ತಾನೇ ಕಾದು ಬಿರುಕು ಬಿಡುತ್ತೆ. ಬಿರುಕಲ್ಲಿ ನೀರು ಹೊಕ್ಕು ಪುಡಿ ಒದ್ದೆಯಾದರೆ ಕರೆಂಟು ಹೊರಗೆ ಸೋರುತ್ತೆ.

ಕಾಯಿಲು ಬದಲಾಯಿತು. ಜುಮ್ಮನ್ನೋದು ಹೋಗಲಿಲ್ಲ. ಗೀಸರೇ ಸರಿಯಿಲ್ಲ ಅಂತ ಮಗ ಶೇಂಗಾ ಮಾರಿದ ದುಡ್ಡಲ್ಲಿ ಹೊಸದು ತಂದ. ಹೊಸದರಲ್ಲೂ ಅದೇ ಕಥೆ! ಆಗ ನಾನು ಬೇರೆಯವರ ಮಾತು ಬಿಟ್ಟು, ದನಕ್ಕೆ ಜಡ್ಡು ಬಂದರೆ ನೋಡ್ತೀವಲ್ಲ ಹಾಗೆ, ಯಾವಾಗ ಬರುತ್ತೆ ಯಾವಾಗ ಬರಲ್ಲ ಅಂತ ಗಮನಿಸೋಕೆ ಶುರು ಮಾಡಿದೆ. ಅಷ್ಟು ದಿನ ಎಲ್ಲರಿಗೂ ಕೊಡದಲ್ಲಿ ನೀರು ತುಂಬಿ ಸ್ನಾನ, ಗೀಸರಿನ ತಂಟೆಯೇ ಬೇಡ ಅಂದೆ.

ನೋಡಿದ್ದು ಎರಡು ಸಂಗತಿ. ಒಂದು, ಗೀಸರಿನ ಸ್ವಿಚ್ ಆಫ್ ಮಾಡಿ ಪ್ಲಗ್ ಹಾಗೇ ಬಿಟ್ಟರೂ ಪೈಪಿನ ಮೇಲೆ ಟೆಸ್ಟರು ಉರಿಯುತ್ತಿತ್ತು. ಪ್ಲಗ್ ಕಿತ್ತರೆ ಮಾತ್ರ ಆರುತ್ತಿತ್ತು. ಎರಡು, ಬೆಳಿಗ್ಗೆ ಆರರಿಂದ ಏಳರೊಳಗೆ ಮಾತ್ರ ಈ ಕಾಟ, ಸಂಜೆ ಇಲ್ಲ. ಬೆಳಿಗ್ಗೆ ಆ ಹೊತ್ತಿಗೆ ಮಗ ಕೊಟ್ಟಿಗೆಯಲ್ಲಿ ಮೇವು ಕತ್ತರಿಸೋ ಮಿಷನ್ ಓಡಿಸುತ್ತಾನೆ. ಅದು ನಿಂತರೆ ಬಚ್ಚಲಲ್ಲೂ ನಿಲ್ಲುತ್ತಿತ್ತು.

ಕೊಟ್ಟಿಗೆಗೂ ಬಚ್ಚಲಿಗೂ ನಲವತ್ತು ಅಡಿ. ಎರಡನ್ನೂ ಕೂಡಿಸುವುದು ಒಂದೇ, ಹಸಿರು ಬಣ್ಣದ ಅರ್ತ್ ವೈರು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ನು ಅದರದ್ದು. ಯಾವುದಾದರೂ ಯಂತ್ರದ ಮೈಗೆ ಕರೆಂಟು ಇಳಿದರೆ ಈ ವೈರಿನಲ್ಲಿ ಹೋಗಿ ಗುಂಡಿಯಲ್ಲಿ ಭೂಮಿ ಸೇರಬೇಕು. ಆದರೆ ನೆಲ ಒಣಗಿ ಕಲ್ಲಾಗಿದ್ದರೆ ಭೂಮಿ ಅದನ್ನು ತಗೊಳ್ಳೋದಿಲ್ಲ. ಗುಂಡಿ ಬತ್ತಿದಾಗ ಮೇವಿನ ಮಿಷನ್ನಿನ ಕರೆಂಟು ಅದೇ ಹಸಿರು ವೈರಲ್ಲಿ ಹಿಂದಕ್ಕೆ ಹರಿದು, ದಪ್ಪ ಪಿನ್ನಿನ ಮೂಲಕ ಗೀಸರಿನ ಮೈಗೆ, ಅಲ್ಲಿಂದ ಜಿಐ ಪೈಪಿಗೆ, ಶವರಿಗೆ ಬಂತು. ಸ್ವಿಚ್ ಆ ವೈರನ್ನು ಕಡಿಯೋದಿಲ್ಲ, ಪ್ಲಗ್ ಕಿತ್ತರೆ ಮಾತ್ರ ಕಡಿಯುತ್ತೆ. ಒಣ ನೆಲದಲ್ಲಿ ಚಪ್ಪಲಿ ಹಾಕಿ ನಿಂತ ಮಗನಿಗೆ ಮಿಷನ್ ಹತ್ತಿರ ಏನೂ ಗೊತ್ತಾಗಲಿಲ್ಲ. ಒದ್ದೆ ಟೈಲ್ಸ್ ಮೇಲೆ ಬರಿಗಾಲಲ್ಲಿ ನಿಂತ ಮಗುವಿಗೆ ಗೊತ್ತಾಯ್ತು.

ಒಂದು ಎಚ್ಚರ. ಸ್ವಿಚ್ ಆಫ್ ಇದ್ದರೂ ಜುಮ್ಮಂದರೆ ಅರ್ತ್ ವೈರಿನಿಂದಲೇ ಬಂತು ಅಂತ ತೀರ್ಮಾನಿಸಬೇಡಿ. ಕೆಲವು ಕಡೆ ಸ್ವಿಚ್ಚನ್ನು ಫೇಸಿಗೆ ಹಾಕುವ ಬದಲು ನ್ಯೂಟ್ರಲಿಗೆ ಹಾಕಿರುತ್ತಾರೆ. ಆಗ ಸ್ವಿಚ್ ಆಫ್ ಮಾಡಿದರೂ ಕಾಯಿಲಿನಲ್ಲಿ ಕರೆಂಟು ನಿಂತೇ ಇರುತ್ತೆ. ನೋಡೋದು ಸುಲಭ. ಸಾಕೆಟ್ಟಿಗೆ ಎದುರಾಗಿ ನಿಂತರೆ ಬಲಗಡೆ ತೂತು ಫೇಸು. ಸ್ವಿಚ್ ಆನ್ ಇದ್ದಾಗ ಅಲ್ಲಿ ಟೆಸ್ಟರು ಉರಿಯಬೇಕು, ಆಫ್ ಮಾಡಿದಾಗ ಯಾವ ತೂತಲ್ಲೂ ಉರಿಯಬಾರದು.

ಗುಂಡಿ ಬತ್ತಿದೆ ಅಂತ ಖಾತ್ರಿ ಮಾಡಿದ್ದು ಊರಿನ ಒಬ್ಬ ಹಳೇ ಮೇಷ್ಟ್ರು, ಐಟಿಐ ಮಾಡಿದವರು. ಹೋಲ್ಡರಿಗೆ ಎರಡು ವೈರು ಕಟ್ಟಿ 100 ವಾಟಿನ ಹಳೇ ಗಾಜಿನ ಬಲ್ಬು ಹಾಕಿದರು. ಫೇಸಿಗೂ ನ್ಯೂಟ್ರಲಿಗೂ ಹಿಡಿದರೆ ಪೂರಾ ಬೆಳಕು. ಫೇಸಿಗೂ ಅರ್ತಿಗೂ ಹಿಡಿದರೆ ಒಲೆಯ ಕೆಂಡದಂಗೆ ಮಂಕು. ಅರ್ತ್ ಸರಿ ಇದ್ದರೆ ಎರಡೂ ಸಲ ಒಂದೇ ಬೆಳಕು ಬರಬೇಕಂತೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರಲ್ಲ, ಅದಕ್ಕೆ ಚೂರು ಕರೆಂಟು ಸಾಕು, ಕೆಟ್ಟ ಅರ್ತಿನಲ್ಲೂ ಚೆನ್ನಾಗಿ ಉರಿದು ಮೋಸ ಮಾಡುತ್ತೆ. ಪರೀಕ್ಷೆ ಮಾಡುವಾಗ ಮೇಷ್ಟ್ರು ಮನೆಯವರನ್ನೆಲ್ಲ ಅಂಗಳಕ್ಕೆ ಕಳಿಸಿದರು. ಅರ್ತ್ ಕೆಟ್ಟಿದ್ದರೆ ಆ ಹೊತ್ತಲ್ಲಿ ಮನೆಯ ಫ್ರಿಜ್ಜು, ಗೀಸರು, ಮಿಷನ್ ಎಲ್ಲದರ ಮೈಗೂ ಕರೆಂಟು ಬರುತ್ತೆ. ಅದಕ್ಕೇ ಇದನ್ನು ತಿಳಿದವರ ಕೈಲೇ ಮಾಡಿಸಿ.

ಈ ನಡುವೆ ಪಕ್ಕದ ಮನೆಯವರು ಒಂದು ಉಪಾಯ ಹೇಳಿದರು. ಸಾಕೆಟ್ಟಿನೊಳಗೆ ನ್ಯೂಟ್ರಲನ್ನೂ ಅರ್ತನ್ನೂ ಒಂದು ತುಂಡು ವೈರಲ್ಲಿ ಕೂಡಿಸಿಬಿಡು, ಎಲ್ಲಾ ಹಾಗೇ ಮಾಡ್ತಾರೆ ಅಂತ. ದಯವಿಟ್ಟು ಮಾಡಬೇಡಿ. ನಮ್ಮ ಕಡೆ ಗಾಳಿಗೆ ಕಂಬದಿಂದ ಬರುವ ನ್ಯೂಟ್ರಲ್ ತಂತಿ ಕಡಿಯೋದು ಹೊಸದಲ್ಲ. ಅದು ಕಡಿದ ಗಳಿಗೆಯಲ್ಲಿ, ಉರಿಯುತ್ತಿರುವ ಬಲ್ಬು ಫ್ಯಾನಿನ ಮೂಲಕವೇ ಫೇಸು ಹಾಯ್ದು ಗೀಸರಿನ ಮೈಗೆ ಬಂದು ನಿಲ್ಲುತ್ತೆ. ಸ್ನಾನಕ್ಕೆ ಹೋದವರಿಗೆ ಜುಮ್ಮನ್ನೋದಲ್ಲ, ಪ್ರಾಣವೇ ಹೋದೀತು.

ಹೊಸ ಗುಂಡಿ ತೆಗೆಸಿದೆವು. ಹಳೆಯದು ಮನೆ ಮುಂದೆ ಒಣ ಗರಸಿನಲ್ಲಿತ್ತು. ಹೊಸದಕ್ಕೆ ಬಚ್ಚಲ ನೀರು ಹರಿದು ಹೋಗುವ ಬಾಳೆಗಿಡದ ಕಡೆ ಜಾಗ ನೋಡಿದೆವು, ಗೋಡೆಯಿಂದ ಐದಡಿ ಬಿಟ್ಟು. ಎಂಟು ಅಡಿಯ, ಒಂದೂವರೆ ಇಂಚಿನ ತೂತು ಕೊರೆದ ಜಿಐ ಪೈಪು ನಿಲ್ಲಿಸಿ, ಸುತ್ತ ಇದ್ದಿಲು ಒಂದು ಪದರ ಉಪ್ಪು ಒಂದು ಪದರ ತುಂಬಿ, ಮೇಲೆ ನೀರು ಹುಯ್ಯೋಕೆ ಬಾಯಿ ಬಿಟ್ಟೆವು. ವೈರನ್ನು ಸುಮ್ಮನೆ ಸುತ್ತದೆ ಬೋಲ್ಟ್ ಹಾಕಿ ಬಿಗಿಸಿದೆವು. ಸುತ್ತ ಕಲ್ಲು ನೆಟ್ಟು ದನ ಹೋಗದಂತೆ ಮಾಡಿದ್ದೀನಿ. ದನದ ಮುಂಗಾಲು ಹಿಂಗಾಲಿನ ನಡುವೆ ಅಂತರ ಹೆಚ್ಚು, ನೆಲದಲ್ಲಿ ಕರೆಂಟು ಇಳಿದಾಗ ಮನುಷ್ಯನಿಗಿಂತ ಮೊದಲು ಬೀಳೋದು ಅದೇ. ಈಗ ಬಲ್ಬು ಎರಡೂ ಸಲ ಒಂದೇ ಥರ ಉರಿಯುತ್ತೆ.

ಆಮೇಲೆ ಮೇನಿನ ಹತ್ತಿರ ಆರ್‌ಸಿಸಿಬಿ ಹಾಕಿಸಿದೆವು, 30 ಮಿಲಿಆಂಪಿನದು. ಎಂಸಿಬಿ ಇದೆಯಲ್ಲ ಅಂತ ನಾನೂ ಅಂದುಕೊಂಡಿದ್ದೆ. 16 ಆಂಪಿನ ಎಂಸಿಬಿ ಅಷ್ಟು ದೊಡ್ಡ ಹೊರೆ ಬಿದ್ದಾಗ ಮಾತ್ರ ಬೀಳುತ್ತೆ. ಮನುಷ್ಯನನ್ನು ಕೊಲ್ಲೋಕೆ ಒಂದು ಆಂಪಿನ ಹತ್ತನೇ ಭಾಗ ಕೂಡ ಬೇಡ. ಆರ್‌ಸಿಸಿಬಿ ಹೋದ ಕರೆಂಟು ಬಂದ ಕರೆಂಟು ತೂಗಿ ನೋಡುತ್ತೆ, ನಡುವೆ ಸೋರಿದರೆ ಕಣ್ಣು ಮಿಟುಕಿಸೋದರಲ್ಲಿ ಕಡಿಯುತ್ತೆ. ಎಲ್ಲ ಸ್ವಿಚ್ ಆಫ್ ಮಾಡಿ ಒಂದೊಂದಾಗಿ ಹಾಕಿದೆವು. ಗೀಸರು ನಿಂತಿತು, ಫ್ರಿಜ್ಜು ನಿಂತಿತು, ಮೇವಿನ ಮಿಷನ್ ಸ್ವಿಚ್ ಹಾಕಿದ ಕೂಡಲೇ ಟಪ್ ಅಂತ ಬಿತ್ತು. ಮೋಟರಿನ ಡಬ್ಬಿ ಬಿಚ್ಚಿದರೆ ವೈರು ಒಳಹೋಗುವ ತೂತಿಗೆ ಇರಬೇಕಾದ ರಬ್ಬರ್ ಬಳೆಯೇ ಇಲ್ಲ. ನಡುಗಿ ನಡುಗಿ ತಗಡಿನ ಅಂಚು ವೈರಿನ ಸಿಪ್ಪೆ ಸವೆಸಿ, ಕಪ್ಪು ಕಲೆಯಾಗಿತ್ತು. ಹತ್ತು ರೂಪಾಯಿಯ ಬಳೆ. ಅದಕ್ಕಾಗಿ ಒಂದು ಕಾಯಿಲು, ಒಂದು ಗೀಸರು ದಂಡ.

ಹೊಸದಾಗಿ ಗೀಸರು ಹಾಕಿಸುವವರು ವೈರಿನ ಲೆಕ್ಕ ನೋಡಿಕೊಳ್ಳಿ. 2000 ವಾಟ್ ಅಂದರೆ ಒಂಬತ್ತು ಆಂಪಿನ ಹತ್ತಿರ, 2.5 ಚದರ ಮಿಲಿಮೀಟರ್ ತಾಮ್ರದ ವೈರು, 16 ಆಂಪಿನ ಸಾಕೆಟ್ಟು. ಪುಟ್ಟದಾಗಿ ಕಾಣುವ ಮೂರು ಲೀಟರಿನವು ಹೆಚ್ಚಾಗಿ 3000 ವಾಟ್, ಹದಿಮೂರು ಆಂಪು ಎಳೆಯುತ್ತವೆ, ಅವಕ್ಕೆ 4 ಚದರದ್ದು ಬೇಕು. ದೀಪದ ಸಾಕೆಟ್ಟಿಗೆ ಸಿಕ್ಕಿಸಿದರೆ ಪ್ಲಗ್ ಕಂದಾಗಿ ಸುಟ್ಟ ವಾಸನೆ ಬರುತ್ತೆ. ಪಿನ್ನು ಕೈಗೆ ಬಿಸಿ ಹತ್ತಿದರೇ ಸಾಕೆಟ್ಟು ಬದಲಿಸಿ. ಬಕೆಟ್ಟಿನಲ್ಲಿ ರಾಡು ಇಡುವವರು, ಕಾದಿದೆಯಾ ಅಂತ ಬೆರಳಿಡುವ ಮೊದಲು ಪ್ಲಗ್ ಕೀಳಬೇಕು.

ಆರ್‌ಸಿಸಿಬಿಯಲ್ಲಿ ಪರೀಕ್ಷೆಗೆ ಒಂದು ಗುಂಡಿ ಇದೆ, ತಿಂಗಳಿಗೊಮ್ಮೆ ಒತ್ತಬೇಕು. ಅಮಾವಾಸ್ಯೆ ದಿನ ನಾವು ಎತ್ತು ಹೂಡುವುದಿಲ್ಲ, ಅವತ್ತೇ ಒತ್ತುತ್ತೇನೆ. ಅರ್ತ್ ಗುಂಡಿಗೆ ಮಾರ್ಚಿನಿಂದ ಮಳೆ ಬೀಳೋವರೆಗೆ ವಾರಕ್ಕೆ ಎರಡು ಕೊಡ ನೀರು. ಅದು ಮೊಮ್ಮಗನ ಕೆಲಸ. ಶವರು ಬಿಡುವ ಮುಂಚೆ ಅವನು ಈಗಲೂ ನಲ್ಲಿ ಮುಟ್ಟೋಕೆ ಅವರಮ್ಮನನ್ನು ಕರೆಯುತ್ತಾನೆ.